ಡೆಂಗಿಯ ಗುಟ್ಟು ಕೆದಕಿದ ಪೋಲಿಯೊ ಹನಿಯ ಜನಕ ಆಲ್ಬರ್ಟ್ ಸೇಬಿನ್

ಎರಡು ಹನಿ ಲಸಿಕೆಯಿಂದ ಜಗತ್ತಿನ ಮನೆಮಾತಾದ ವಿಜ್ಞಾನಿ, ಅದಕ್ಕೂ ಮೊದಲು ಡೆಂಗಿ ಜ್ವರದ ಬೆನ್ನು ಹತ್ತಿದ್ದರು. ಒಮ್ಮೆ ಬಂದು ಹೋದ ಜ್ವರ ಮತ್ತೆ ಏಕೆ ಬರುತ್ತದೆ ಎಂಬ ಪ್ರಶ್ನೆಗೆ ಅವರು ಕಂಡುಕೊಂಡ ಉತ್ತರವೇ ಇಂದಿನ ಡೆಂಗಿ ಸಂಶೋಧನೆಯ ಅಡಿಗಲ್ಲು.

ಕೋಟ: ಮುಂಗಾರು ಕಾಲಿಟ್ಟಿತೆಂದರೆ ಕೋಟ, ಸಾಲಿಗ್ರಾಮ, ಕುಂದಾಪುರ, ಬೈಂದೂರು ಸುತ್ತಮುತ್ತಲಿನ ಮನೆಗಳಲ್ಲಿ ನಾಟಿಯ ಗಡಿಬಿಡಿಯ ಜತೆಗೆ ಜ್ವರದ ಭಯವೂ ಒಳಹೊಕ್ಕುತ್ತದೆ. ತೋಟದಲ್ಲಿ ಬಿದ್ದ ಅಡಿಕೆ ಹಾಳೆ, ಅಂಗಳದ ಮೂಲೆಯ ತೆಂಗಿನ ಗೆರಟೆ, ದಡಕ್ಕೆಳೆದ ದೋಣಿಯ ಮೇಲೆ ಹೊದಿಸಿದ ಟಾರ್ಪಾಲಿನ ಮಡಿಕೆ, ಘಟ್ಟದ ಬುಡದ ರಬ್ಬರ್ ತೋಟಗಳಲ್ಲಿ ಮರಕ್ಕೆ ಕಟ್ಟಿದ ಹಾಲಿನ ಕಪ್ಪು, ಹೀಗೆ ಎಲ್ಲೆಲ್ಲೂ ತಿಳಿನೀರು ನಿಲ್ಲುತ್ತದೆ. ಆ ನೀರಿನಲ್ಲಿ ಕಾಲಿಗೆ ಬಿಳಿ ಪಟ್ಟೆಗಳುಳ್ಳ ಈಡಿಸ್ ಸೊಳ್ಳೆ ಮೊಟ್ಟೆಯಿಡುತ್ತದೆ. 2022ರ ಮಳೆಗಾಲದ ಹೊತ್ತಿಗೆ ಬೈಂದೂರು ತಾಲೂಕಿನ ಜಡ್ಕಲ್, ಮುದೂರು ಗ್ರಾಮಗಳಲ್ಲಿ ಡೆಂಗಿ ಹಬ್ಬಿ ಸುದ್ದಿಯಾಗಿತ್ತು. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚನೆ ಹೊರಡಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡ ವಿಧಿಸುವ ನಿಯಮವನ್ನೂ ತಂದಿತು.

ಇಂಥ ದಿನಗಳಲ್ಲಿ ಪ್ರತಿ ಊರಿನಲ್ಲೂ ಕೇಳಿಬರುವ ಪ್ರಶ್ನೆ ಒಂದೇ. ಒಂದೇ ಮನೆಯಲ್ಲಿ, ಒಂದೇ ವಾರದಲ್ಲಿ ಇಬ್ಬರಿಗೆ ಜ್ವರ ಬರುತ್ತದೆ. ಒಬ್ಬರು ಗಂಜಿ ಕುಡಿದು ಮಲಗಿ ಐದಾರು ದಿನಗಳಲ್ಲಿ ಎದ್ದು ಓಡಾಡುತ್ತಾರೆ. ಇನ್ನೊಬ್ಬರು ಜ್ವರ ಬಿಟ್ಟಿತು ಎಂದು ನಿಟ್ಟುಸಿರು ಬಿಡುವ ದಿನವೇ ಕುಸಿದು ತೀವ್ರ ನಿಗಾ ಘಟಕ ಸೇರುತ್ತಾರೆ. ಯಾರು ಉಳಿಯುತ್ತಾರೆ, ಯಾರು ಕುಸಿಯುತ್ತಾರೆ ಎಂಬುದನ್ನು ಮೊದಲೇ ಹೇಳಲು ಬರುವುದಿಲ್ಲವೇ?

ಈ ಪ್ರಶ್ನೆಯ ಬೇರು ಹುಡುಕುತ್ತ ಹೋದರೆ ನಾವು ತಲುಪುವುದು ಎರಡನೇ ಮಹಾಯುದ್ಧದ ಕಾಲದ ಒಂದು ಪ್ರಯೋಗಾಲಯಕ್ಕೆ ಮತ್ತು ಡಾ. ಆಲ್ಬರ್ಟ್ ಬ್ರೂಸ್ ಸೇಬಿನ್ ಎಂಬ ವೈದ್ಯವಿಜ್ಞಾನಿಯ ಬಳಿಗೆ. ಮಗುವಿನ ಬಾಯಿಗೆ ಹಾಕುವ ಎರಡು ಹನಿ ಪೋಲಿಯೊ ಲಸಿಕೆಯ ಜನಕರೆಂದು ಅವರನ್ನು ಲೋಕ ಬಲ್ಲದು. ಡೆಂಗಿಯ ವಿಷಯದಲ್ಲಿ ಅವರು ಮಾಡಿದ ಕೆಲಸ ಮಾತ್ರ ಆ ಖ್ಯಾತಿಯ ನೆರಳಿನಲ್ಲಿ ಮರೆಯಾಗಿ ಹೋಯಿತು.

ನೇಕಾರರ ಮನೆಯ ಹುಡುಗ

ಸೇಬಿನ್ ಹುಟ್ಟಿದ್ದು 1906ರ ಆಗಸ್ಟ್ 26ರಂದು, ಬಿಯಾಲಿಸ್ಟಾಕ್ ಎಂಬ ಊರಿನಲ್ಲಿ. ಅಂದು ರಷ್ಯಾ ಸಾಮ್ರಾಜ್ಯಕ್ಕೆ ಸೇರಿದ್ದ ಆ ಊರು ಇಂದು ಪೋಲೆಂಡಿನಲ್ಲಿದೆ. ಮನೆತನದ ಹೆಸರು ಸ್ಯಾಪರ್‌ಸ್ಟೀನ್. ಯಹೂದಿಗಳ ಮೇಲಿನ ದೌರ್ಜನ್ಯ ಮತ್ತು ಬಡತನಗಳಿಂದ ಬೇಸತ್ತ ಕುಟುಂಬ 1921ರಲ್ಲಿ ಅಮೆರಿಕಕ್ಕೆ ವಲಸೆ ಹೋಗಿ ನ್ಯೂಜೆರ್ಸಿಯ ಪ್ಯಾಟರ್ಸನ್ ಎಂಬಲ್ಲಿ ನೆಲೆಸಿತು. ಅದು ರೇಷ್ಮೆ ಗಿರಣಿಗಳ ಊರು. ತಂದೆಗೆ ಬಟ್ಟೆಯ ಉದ್ಯಮದಲ್ಲೇ ಕೆಲಸ. ಹದಿನೈದರ ಹುಡುಗ ಹೊಸ ನಾಡಿನ ಭಾಷೆಯನ್ನು ಬೇಗನೆ ಕಲಿತು ಶಾಲೆ ಮುಗಿಸಿದ.

ದಂತವೈದ್ಯರಾಗಿದ್ದ ಬಂಧುವೊಬ್ಬರು ಕಾಲೇಜಿನ ಖರ್ಚು ವಹಿಸಿಕೊಂಡರು. ತಮ್ಮಂತೆಯೇ ದಂತವೈದ್ಯನಾಗಬೇಕೆಂಬುದು ಅವರ ಷರತ್ತು. ಎರಡು ಮೂರು ವರ್ಷ ಅದೇ ಹಾದಿಯಲ್ಲಿ ನಡೆದ ಹುಡುಗನ ಮನಸ್ಸು ರೋಗಾಣುಗಳನ್ನು ಬೇಟೆಯಾಡಿದ ವಿಜ್ಞಾನಿಗಳ ಕಥೆ ಹೇಳುವ ಪುಸ್ತಕವೊಂದನ್ನು ಓದಿದ ಮೇಲೆ ಬದಲಾಯಿತು. ಹಲ್ಲಿನ ವೈದ್ಯಕೀಯ ಬಿಟ್ಟು ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯಕ್ಕೆ ಸೇರಿದಾಗ ಬಂಧುವಿನ ನೆರವು ನಿಂತಿತು. ಸಣ್ಣಪುಟ್ಟ ಕೆಲಸ ಮತ್ತು ವಿದ್ಯಾರ್ಥಿವೇತನಗಳ ಬಲದಿಂದ ಓದು ಮುಂದುವರಿಯಿತು. ವಿದ್ಯಾರ್ಥಿಯಾಗಿದ್ದಾಗಲೇ ನ್ಯುಮೋನಿಯಾ ರೋಗಾಣುವಿನ ಬಗೆಗಳನ್ನು ಬೇಗ ಗುರುತಿಸುವ ವಿಧಾನವೊಂದನ್ನು ರೂಪಿಸಿ ಹಿರಿಯರ ಗಮನ ಸೆಳೆದರು. 1930ರಲ್ಲಿ ಅಮೆರಿಕದ ಪೌರತ್ವದೊಡನೆ ಸೇಬಿನ್ ಎಂಬ ಹೆಸರು ಬಂತು. 1931ರಲ್ಲಿ ವೈದ್ಯ ಪದವಿ ಕೈಸೇರಿತು.

ಅದೇ ವರ್ಷದ ಬೇಸಗೆಯಲ್ಲಿ ನ್ಯೂಯಾರ್ಕಿನಲ್ಲಿ ಪೋಲಿಯೊ ಹಬ್ಬಿತು. ಕೈಕಾಲು ಸೋತ ಮಕ್ಕಳನ್ನು ಕಂಡ ತರುಣ ವೈದ್ಯನ ಬದುಕಿನ ದಾರಿ ಅಲ್ಲಿಗೆ ನಿಶ್ಚಯವಾಯಿತು. 1932ರಲ್ಲಿ ಜತೆಗಾರ ಸಂಶೋಧಕ ವಿಲಿಯಂ ಬ್ರೆಬ್ನರ್ ಅವರು ಪ್ರಯೋಗಾಲಯದ ಕೋತಿ ಕಚ್ಚಿ ತೀರಿಕೊಂಡಾಗ, ಅವರ ದೇಹದಿಂದ ಹಿಂದೆಂದೂ ಗೊತ್ತಿರದ ವೈರಸ್ಸೊಂದನ್ನು ಸೇಬಿನ್ ಬೇರ್ಪಡಿಸಿದರು. ಅದಕ್ಕೆ ಬಿ ವೈರಸ್ ಎಂದು ಹೆಸರಾಯಿತು. ಲಂಡನ್ನಿನ ಲಿಸ್ಟರ್ ಸಂಸ್ಥೆ, ಬಳಿಕ ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಗಳಲ್ಲಿ ದುಡಿದು 1939ರಲ್ಲಿ ಸಿನ್ಸಿನಾಟಿಯ ಮಕ್ಕಳ ಆಸ್ಪತ್ರೆಯ ಸಂಶೋಧನಾ ಕೇಂದ್ರ ಸೇರಿದರು.

ಈ ಅವಧಿಯ ಒಂದು ಪ್ರಯೋಗ ಅವರ ದಾರಿ ತಪ್ಪಿಸಿದ್ದೂ ಉಂಟು. 1936ರಲ್ಲಿ ಅವರು ಮತ್ತು ಪೀಟರ್ ಒಲಿಟ್ಸ್ಕಿ ಪೋಲಿಯೊ ವೈರಸ್ಸನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸಿದರು. ಅದು ನರಕೋಶಗಳಲ್ಲಿ ಮಾತ್ರ ಬೆಳೆಯಿತು. ಆದ್ದರಿಂದ ವೈರಸ್ ನರಗಳನ್ನಲ್ಲದೆ ಬೇರೆಯದನ್ನು ಮುಟ್ಟದು ಎಂಬ ನಂಬಿಕೆ ಬೇರೂರಿತು. ಮೃತರ ದೇಹಗಳನ್ನು ಪರೀಕ್ಷಿಸಿ, ಪೋಲಿಯೊ ನೆಲೆಸುವುದು ಕರುಳಿನಲ್ಲಿ ಎಂದು 1941ರಲ್ಲಿ ತೋರಿಸಿ ಆ ತಿಳಿವಳಿಕೆಯನ್ನು ತಿದ್ದಿದವರಲ್ಲಿ ಸ್ವತಃ ಸೇಬಿನ್ ಪ್ರಮುಖರು.

ಸೇನೆ ಕರೆಯಿತು, ಜ್ವರ ಕಾಡಿತು

ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಪಡೆಗಳು ಉಷ್ಣವಲಯದ ದ್ವೀಪಗಳಲ್ಲಿ ಇಳಿದಾಗ ಶತ್ರುವಿನ ಗುಂಡಿನಷ್ಟೇ ಸೊಳ್ಳೆಯೂ ಕಾಡತೊಡಗಿತು. ಪೆಸಿಫಿಕ್ ದ್ವೀಪಗಳಲ್ಲಿ, ಭಾರತ ಮತ್ತು ಬರ್ಮಾ ರಂಗದಲ್ಲಿ ಸಾವಿರಾರು ಸೈನಿಕರು ಡೆಂಗಿಯಿಂದ ಹಾಸಿಗೆ ಹಿಡಿದರು. ಸಾಯುವವರು ಕಡಿಮೆ. ಆದರೆ ಮೂಳೆ ಮುರಿದಂಥ ನೋವಿನಿಂದ ವಾರಗಟ್ಟಲೆ ಬಂದೂಕು ಹಿಡಿಯಲಾಗದ ಸೈನಿಕ ಸೇನೆಗೆ ನಷ್ಟವೇ. ವೈದ್ಯಕೀಯ ಅಧಿಕಾರಿಯಾಗಿ ಸೇನೆ ಸೇರಿದ ಸೇಬಿನ್ ಅವರ ಪಾಲಿಗೆ ಮರಳುನೊಣದ ಜ್ವರ, ಜಪಾನೀ ಮಿದುಳುಜ್ವರ ಮತ್ತು ಡೆಂಗಿ, ಈ ಮೂರರ ಹೊಣೆ ಬಂತು.

ಡೆಂಗಿಯ ಬಗ್ಗೆ ಅಷ್ಟರಲ್ಲಿ ತಿಳಿದಿದ್ದದ್ದು ಇಷ್ಟು. ರೋಗಕಾರಕವು ಅತಿ ಸೂಕ್ಷ್ಮ ಸೋಸುಕಗಳನ್ನೂ ದಾಟುವ ವೈರಸ್ ಎಂಬುದನ್ನು 1907ರಲ್ಲಿ ಮನಿಲಾದಲ್ಲಿ ಅಮೆರಿಕದ ಸೇನಾ ವೈದ್ಯರು ತೋರಿಸಿದ್ದರು. ಅದನ್ನು ಹರಡುವುದು ಈಡಿಸ್ ಸೊಳ್ಳೆ ಎಂಬುದು 1920ರ ದಶಕದಲ್ಲಿ ಅಲ್ಲಿಯೇ ಖಚಿತವಾಗಿತ್ತು. ಒಮ್ಮೆ ಜ್ವರ ಬಂದವರಲ್ಲಿ ಕೆಲವರಿಗೆ ಮತ್ತೆ ಬರುತ್ತದೆ, ಕೆಲವರಿಗೆ ಬರುವುದಿಲ್ಲ ಎಂಬುದನ್ನೂ ಅವರು ಗಮನಿಸಿದ್ದರು. ಕಾರಣ ಮಾತ್ರ ಗೊತ್ತಿರಲಿಲ್ಲ. ಮೈಯಲ್ಲಿ ಹುಟ್ಟಿದ ರಕ್ಷಣೆ ಕಾಲಕ್ರಮೇಣ ಕರಗುತ್ತದೆಯೇ ಅಥವಾ ಎರಡನೆಯ ಬಾರಿ ಬಂದ ವೈರಸ್ಸೇ ಬೇರೆಯೇ?

ಸೇಬಿನ್ ಕಾಯಿಲೆಬಿದ್ದ ಸೈನಿಕರ ರಕ್ತದ ಮಾದರಿಗಳನ್ನು ತರಿಸಿಕೊಂಡರು. ಕೆಲವು ಹವಾಯಿಯಿಂದ, ಕೆಲವು ನ್ಯೂಗಿನಿಯಿಂದ, ಇನ್ನು ಕೆಲವು ನಮ್ಮ ಕೋಲ್ಕತ್ತದಿಂದ ಬಂದವು. ಪ್ರಯೋಗಾಲಯದ ಪ್ರಾಣಿಗಳಲ್ಲಿ ಈ ವೈರಸ್ ಸುಲಭವಾಗಿ ಕಾಯಿಲೆ ತರುತ್ತಿರಲಿಲ್ಲ. ಆದ್ದರಿಂದ ಒಪ್ಪಿದ ಸ್ವಯಂಸೇವಕರ ಮೈಗೇ ಅದನ್ನು ಹೊಗಿಸಿ ನೋಡಲಾಯಿತು. ಯುದ್ಧಕಾಲದ ಆ ರೀತಿಯ ಪ್ರಯೋಗವನ್ನು ಇಂದಿನ ನೀತಿಸಂಹಿತೆ ಸುಲಭವಾಗಿ ಒಪ್ಪುವುದಿಲ್ಲ. ಆದರೆ ಡೆಂಗಿಯ ಬಗ್ಗೆ ಇಂದು ನಮಗಿರುವ ಮೂಲಭೂತ ಜ್ಞಾನದ ದೊಡ್ಡ ಪಾಲು ಆ ಅನಾಮಧೇಯರು ಅನುಭವಿಸಿದ ಜ್ವರದಿಂದಲೇ ಬಂದದ್ದು ಎಂಬುದನ್ನೂ ಮರೆಯುವಂತಿಲ್ಲ.

ಎರಡು ಬಗೆ, ಎರಡು ತಿಂಗಳು

ಫಲಿತಾಂಶ ಸ್ಪಷ್ಟವಾಗಿತ್ತು. ಹವಾಯಿಯ ವೈರಸ್ಸಿನಿಂದ ಜ್ವರ ಬಂದು ಗುಣವಾದವರಿಗೆ ಅದೇ ವೈರಸ್ಸನ್ನು ಮತ್ತೆ ಕೊಟ್ಟರೆ ಏನೂ ಆಗಲಿಲ್ಲ. ಒಂದೂವರೆ ವರ್ಷದ ನಂತರ ಕೊಟ್ಟಾಗಲೂ ರಕ್ಷಣೆ ಗಟ್ಟಿಯಾಗಿತ್ತು. ಕೋಲ್ಕತ್ತದ ಮಾದರಿಯೂ ಹವಾಯಿಯದರಂತೆಯೇ ವರ್ತಿಸಿತು. ಆದರೆ ನ್ಯೂಗಿನಿಯಿಂದ ಬಂದ ವೈರಸ್ಸನ್ನು ಕೊಟ್ಟಾಗ ಕಥೆ ಬೇರೆಯಾಯಿತು. ಮೊದಲ ಜ್ವರವಾಗಿ ಸುಮಾರು ಎರಡು ತಿಂಗಳೊಳಗಾದರೆ ಕಾಯಿಲೆ ಬರಲಿಲ್ಲ. ಅಲ್ಲಿಂದ ಮುಂದೆ ಕೆಲವು ತಿಂಗಳ ಕಾಲ ಸೌಮ್ಯ ರೂಪದ ಜ್ವರ ಕಾಣಿಸಿತು. ಇನ್ನೂ ಸಮಯ ಕಳೆದರೆ ಆ ಅರೆಬರೆ ರಕ್ಷಣೆಯೂ ಕರಗುತ್ತಿತ್ತು.

ಹೀಗೆ ಡೆಂಗಿ ಎಂಬುದು ಒಂದೇ ವೈರಸ್ ಅಲ್ಲ, ಕನಿಷ್ಠ ಎರಡು ಬಗೆಯದು ಎಂಬುದು ಸಿದ್ಧವಾಯಿತು. ಒಂದು ಬಗೆಗೆ ಹುಟ್ಟಿದ ರಕ್ಷಣೆ ಆ ಬಗೆಗೆ ಮಾತ್ರ ದೀರ್ಘಕಾಲ ನಿಲ್ಲುತ್ತದೆ. ಇನ್ನೊಂದು ಬಗೆಯ ವಿರುದ್ಧ ಅದು ಕೆಲ ತಿಂಗಳ ಅತಿಥಿ ಮಾತ್ರ. 1956ರಲ್ಲಿ ಮನಿಲಾದಲ್ಲಿ ವಿಲಿಯಂ ಹ್ಯಾಮನ್ ಮತ್ತು ಸಂಗಡಿಗರು ಮತ್ತೆರಡು ಬಗೆಗಳನ್ನು ಕಂಡುಹಿಡಿದ ಮೇಲೆ ಒಟ್ಟು ಸಂಖ್ಯೆ ನಾಲ್ಕಾಯಿತು. ಅಂದರೆ ಒಬ್ಬ ಮನುಷ್ಯನಿಗೆ ಬದುಕಿನಲ್ಲಿ ನಾಲ್ಕು ಬಾರಿ ಡೆಂಗಿ ಬರಬಹುದು.

ಜಪಾನಿನ ವಿಜ್ಞಾನಿಗಳೂ ಅದೇ ಕಾಲದಲ್ಲಿ ಡೆಂಗಿ ವೈರಸ್ಸನ್ನು ಇಲಿಮರಿಗಳ ಮಿದುಳಿನಲ್ಲಿ ಬೆಳೆಸಿದ್ದರು. ಸೇಬಿನ್ ಮತ್ತು ವಾಲ್ಟರ್ ಶ್ಲೆಸಿಂಜರ್ ಅದೇ ವಿಧಾನದಲ್ಲಿ ವೈರಸ್ಸನ್ನು ಇಲಿಯಿಂದ ಇಲಿಗೆ ದಾಟಿಸುತ್ತ ಹೋದಾಗ ಅದರ ಕಸುವು ಮನುಷ್ಯನ ಮಟ್ಟಿಗೆ ಕುಗ್ಗಿತು. ಅದನ್ನೇ ಲಸಿಕೆಯಾಗಿ ಬಳಸಬಹುದೆಂದು 1945ರಲ್ಲಿ ಅವರು ಪ್ರಕಟಿಸಿದರು. ಅಷ್ಟರಲ್ಲಿ ಯುದ್ಧ ಮುಗಿಯಿತು, ಸೇನೆಗೆ ಡೆಂಗಿಯ ಚಿಂತೆ ಹೋಯಿತು, ಲಸಿಕೆ ಮೂಲೆ ಸೇರಿತು.

ಆದರೂ ಸೇಬಿನ್ ಆ ವಿಷಯವನ್ನು ಒಮ್ಮೆಲೇ ಬಿಡಲಿಲ್ಲ. ಡೆಂಗಿ, ಹಳದಿ ಜ್ವರ, ಜಪಾನೀ ಮಿದುಳುಜ್ವರ, ವೆಸ್ಟ್ ನೈಲ್ ವೈರಸ್ಸುಗಳು ರಕ್ತಪರೀಕ್ಷೆಯಲ್ಲಿ ಒಂದನ್ನೊಂದು ಹೋಲುತ್ತವೆ, ಇವೆಲ್ಲ ಒಂದೇ ಬಳಗದವು ಎಂಬುದನ್ನು 1950ರ ಸುಮಾರಿಗೆ ತೋರಿಸಿದವರಲ್ಲಿ ಅವರೂ ಒಬ್ಬರು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ಹಳದಿ ಜ್ವರ ಭಾರತಕ್ಕೆ ಬಂತೇ ಎಂದು ತಜ್ಞರು ಗಾಬರಿಗೊಂಡಿದ್ದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬೇರ್ಪಡಿಸಿದ ಆ ಮಂಗನ ಕಾಯಿಲೆಯ ವೈರಸ್ ಕೂಡ ಇದೇ ಬಳಗದ್ದು. ಅದನ್ನು ಹರಡುವುದು ಸೊಳ್ಳೆಯ ಬದಲು ಉಣ್ಣೆ ಎಂಬುದಷ್ಟೇ ವ್ಯತ್ಯಾಸ.

ಎರಡು ಹನಿಯ ಗೆಲುವು

ಯುದ್ಧದಿಂದ ಮರಳಿದ ಸೇಬಿನ್ ಪೋಲಿಯೊಗೆ ತಮ್ಮ ಬದುಕನ್ನೇ ಒಪ್ಪಿಸಿದರು. 1952ರಲ್ಲಿ ಅಮೆರಿಕವೊಂದರಲ್ಲೇ 57 ಸಾವಿರಕ್ಕೂ ಹೆಚ್ಚು ಮಂದಿಗೆ ಪೋಲಿಯೊ ತಗುಲಿತ್ತು. 1955ರಲ್ಲಿ ಜೋನಾಸ್ ಸಾಲ್ಕ್ ಅವರ ಚುಚ್ಚುಮದ್ದಿನ ಲಸಿಕೆ ಜಯಭೇರಿ ಬಾರಿಸಿತು. ಕೊಂದ ವೈರಸ್ಸಿನಿಂದ ಮಾಡಿದ ಆ ಲಸಿಕೆಗೆ ದೇಶವೇ ಹಬ್ಬ ಆಚರಿಸುತ್ತಿದ್ದಾಗ ಸೇಬಿನ್ ಒಪ್ಪಲಿಲ್ಲ. ರೋಗ ಹುಟ್ಟುವುದು ಕರುಳಿನಲ್ಲಾದರೆ ರಕ್ಷಣೆಯೂ ಅಲ್ಲಿಯೇ ಹುಟ್ಟಬೇಕು, ಅದಕ್ಕೆ ಬಲಗುಂದಿದ ಜೀವಂತ ವೈರಸ್ಸನ್ನು ಬಾಯಿಯ ಮೂಲಕವೇ ಕೊಡಬೇಕು ಎಂಬುದು ಅವರ ನಿಲುವು. ಸಾಲ್ಕ್ ಅವರೊಂದಿಗಿನ ಈ ಭಿನ್ನಾಭಿಪ್ರಾಯ ಕಡೆಯವರೆಗೂ ಕರಗಲಿಲ್ಲ. ಸೇಬಿನ್ ಮಾತು ಕಟುವಾದದ್ದು, ವಾದದಲ್ಲಿ ಅವರು ಯಾರಿಗೂ ಸೋಲುತ್ತಿರಲಿಲ್ಲ ಎಂಬುದು ಸಹೋದ್ಯೋಗಿಗಳ ಅನುಭವ.

ಲಸಿಕೆಯನ್ನು ತಾವೇ ಮೊದಲು ಸೇವಿಸಿ, ಹೆಂಡತಿ ಮಕ್ಕಳಿಗೂ ಕೊಟ್ಟರು. ಒಹಾಯೊದ ಚಿಲಿಕಾಥಿ ಸೆರೆಮನೆಯ ಕೈದಿಗಳು ಸ್ವಯಂಸೇವಕರಾಗಿ ಮುಂದೆ ಬಂದರು. ಅಮೆರಿಕದಲ್ಲಿ ಸಾಲ್ಕ್ ಲಸಿಕೆ ಪಡೆಯದ ದೊಡ್ಡ ಜನಸಮೂಹ ಸಿಗುವಂತಿರಲಿಲ್ಲ. ಆಗ ನೆರವಿಗೆ ಬಂದದ್ದು ಅಮೆರಿಕದ ಎದುರಾಳಿ ಸೋವಿಯತ್ ಒಕ್ಕೂಟ. ಶೀತಲ ಸಮರ ಬಿರುಸಾಗಿದ್ದ ಕಾಲದಲ್ಲೇ ಸೇಬಿನ್ ತಮ್ಮ ವೈರಸ್ ತಳಿಗಳನ್ನು ಮಾಸ್ಕೋದ ಮಿಖಾಯಿಲ್ ಚುಮಕೋವ್ ಮತ್ತು ಲೆನಿನ್‌ಗ್ರಾಡಿನ ಅನತೊಲಿ ಸ್ಮೊರೊದಿಂತ್ಸೆವ್ ಅವರಿಗೆ ಕೊಟ್ಟರು. 1959ರಿಂದ ಅಲ್ಲಿ ಕೋಟ್ಯಂತರ ಮಂದಿಗೆ ಲಸಿಕೆ ಹಾಕಲಾಯಿತು. 1961 ಮತ್ತು 1962ರಲ್ಲಿ ಅಮೆರಿಕವೂ ಅನುಮತಿ ಕೊಟ್ಟಿತು.

ಸೇಬಿನ್ ಈ ಲಸಿಕೆಗೆ ಪೇಟೆಂಟ್ ಪಡೆಯಲಿಲ್ಲ. ಅಗ್ಗದ ದರದಲ್ಲಿ ಎಲ್ಲ ದೇಶಗಳಿಗೂ ಅದು ಸಿಗಬೇಕೆಂಬುದು ಅವರ ಆಶಯ. 1995ರಲ್ಲಿ ಭಾರತದಲ್ಲಿ ಪಲ್ಸ್ ಪೋಲಿಯೊ ಆಂದೋಲನ ಆರಂಭವಾದಾಗ ಅಂಗನವಾಡಿ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಲ್ಲಿ ನಮ್ಮ ಮಕ್ಕಳ ನಾಲಗೆಗೆ ಬಿದ್ದದ್ದು ಅವರು ರೂಪಿಸಿದ ತಳಿಗಳ ಹನಿಗಳೇ. ಭಾರತದ ಕೊನೆಯ ಪೋಲಿಯೊ ಪ್ರಕರಣ 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ ಕಂಡಿತು. 2014ರ ಮಾರ್ಚ್ 27ರಂದು ದೇಶ ಪೋಲಿಯೊಮುಕ್ತವೆಂದು ಪ್ರಮಾಣೀಕೃತವಾಯಿತು. ಬಲಗುಂದಿದ ವೈರಸ್ ತೀರ ಅಪರೂಪಕ್ಕೆ ಮತ್ತೆ ಬಲ ಪಡೆದು ಪಾರ್ಶ್ವವಾಯು ತರಬಲ್ಲದು ಎಂಬ ಲೋಪವೂ ಈ ಹನಿಗಿತ್ತು. ಆ ಕಾರಣದಿಂದಲೇ ಹಲವು ದೇಶಗಳು ಬಳಿಕ ಚುಚ್ಚುಮದ್ದಿಗೆ ಮರಳಿದವು.

ಅವರು ಕಾಣದೆ ಹೋದ ಮುಖ

ಸೇಬಿನ್ ಪೋಲಿಯೊದಲ್ಲಿ ಮುಳುಗಿದ್ದಾಗ ಡೆಂಗಿ ತನ್ನ ಇನ್ನೊಂದು ಮುಖ ತೋರಿಸಿತು. 1950ರ ದಶಕದಲ್ಲಿ ಮನಿಲಾ, ಬಳಿಕ ಬ್ಯಾಂಕಾಕ್ ನಗರಗಳಲ್ಲಿ ಮಕ್ಕಳು ರಕ್ತಸ್ರಾವ ಮತ್ತು ಆಘಾತದಿಂದ ಸಾಯತೊಡಗಿದರು. 1963ರಲ್ಲಿ ಅದೇ ರೂಪ ಕೋಲ್ಕತ್ತದಲ್ಲೂ ಕಂಡಿತು. ಬ್ಯಾಂಕಾಕಿನಲ್ಲಿ ಕೆಲಸ ಮಾಡುತ್ತಿದ್ದ ಅಮೆರಿಕದ ವೈದ್ಯ ಸ್ಕಾಟ್ ಹಾಲ್‌ಸ್ಟೆಡ್ 1960ರ ದಶಕದಲ್ಲಿ ಒಂದು ವಿಚಿತ್ರವನ್ನು ಗುರುತಿಸಿದರು. ಗಂಭೀರವಾಗಿ ಕುಸಿದ ಮಕ್ಕಳಲ್ಲಿ ಹೆಚ್ಚಿನವರಿಗೆ ಅದು ಎರಡನೇ ಬಾರಿಯ ಡೆಂಗಿ. ಉಳಿದವರಲ್ಲಿ ಹೆಚ್ಚಿನವು, ಡೆಂಗಿ ಬಂದು ಹೋದ ತಾಯಂದಿರ ಎಳೆಗೂಸುಗಳು.

ಇದು ಸೇಬಿನ್ ಕಂಡದ್ದಕ್ಕೆ ತಿರುಗುಮುರುಗಾದ ಸಂಗತಿ. ಅವರ ಸ್ವಯಂಸೇವಕರಲ್ಲಿ ಎರಡನೆಯ ಸೋಂಕು ಸೌಮ್ಯವಾಗಿತ್ತು. ಬ್ಯಾಂಕಾಕಿನ ಮಕ್ಕಳಲ್ಲಿ ಅದೇ ಮಾರಕವಾಗಿತ್ತು. ಎರಡೂ ನಿಜವೇ. ವ್ಯತ್ಯಾಸ ಇರುವುದು ಕಾಲದ ಅಂತರದಲ್ಲಿ. ಮೊದಲ ಜ್ವರದ ಬಳಿಕ ರಕ್ತದಲ್ಲಿ ಪ್ರತಿಕಾಯಗಳು ತುಂಬಿ ತುಳುಕುತ್ತಿರುವಾಗ ಅವು ಬೇರೆ ಬಗೆಯ ವೈರಸ್ಸನ್ನೂ ತಡೆಯಬಲ್ಲವು. ತಿಂಗಳು, ವರ್ಷಗಳು ಉರುಳಿ ಅವುಗಳ ಪ್ರಮಾಣ ಇಳಿದಾಗ ಅಪಾಯ ಹುಟ್ಟುತ್ತದೆ. ಅರೆಬರೆ ಪ್ರತಿಕಾಯಗಳು ಹೊಸ ವೈರಸ್ಸಿಗೆ ಅಂಟಿಕೊಳ್ಳುತ್ತವೆ, ಆದರೆ ಅದನ್ನು ಕೊಲ್ಲಲಾರವು. ಹಾಗೆ ಅಂಟಿಕೊಂಡ ವೈರಸ್ಸನ್ನು ನಮ್ಮದೇ ಕಾವಲು ಕಣಗಳು ಕಸವೆಂದು ನುಂಗುತ್ತವೆ. ವೈರಸ್ ಬೆಳೆಯುವುದು ಆ ಕಣಗಳ ಒಳಗೇ. ಕಳ್ಳನಿಗೆ ಕಾವಲುಗಾರನೇ ಬಾಗಿಲು ತೆರೆದಂತೆ ಆಯಿತು. ಹಾಲ್‌ಸ್ಟೆಡ್ ಈ ವಿವರಣೆಯನ್ನು ಮುಂದಿಟ್ಟಾಗ ಅನೇಕರು ಒಪ್ಪಲಿಲ್ಲ. ವೈರಸ್ಸಿನ ತಳಿಯ ಉಗ್ರತೆಯೇ ಕಾರಣವೆಂದು ವಾದಿಸಿದರು.

ಕ್ಯೂಬಾ ದೇಶದ ಅನುಭವ ಆ ವಾದಕ್ಕೆ ಹೊಸ ತೂಕ ಕೊಟ್ಟಿತು. ಅಲ್ಲಿ 1977ರಲ್ಲಿ ಮೊದಲ ಬಗೆಯ ಡೆಂಗಿ ಹಬ್ಬಿತ್ತು. ನಾಲ್ಕು ವರ್ಷಗಳ ನಂತರ, 1981ರಲ್ಲಿ ಎರಡನೇ ಬಗೆ ಬಂದಾಗ 3.44 ಲಕ್ಷ ಮಂದಿಗೆ ಜ್ವರ ಬಂದು 158 ಮಂದಿ ಸತ್ತರು. ಗಂಭೀರವಾದವರಲ್ಲಿ ಹೆಚ್ಚಿನವರು ಹಿಂದಿನ ಸೋಂಕಿಗೆ ಒಳಗಾದವರೇ. 2017ರಲ್ಲಿ ನಿಕರಾಗುವಾದ ಮಕ್ಕಳ ದೀರ್ಘಕಾಲದ ಅಧ್ಯಯನ ಇನ್ನೂ ಸ್ಪಷ್ಟ ಚಿತ್ರ ಕೊಟ್ಟಿತು. ಪ್ರತಿಕಾಯ ತೀರ ಕಡಿಮೆಯಿದ್ದವರಿಗೂ, ಬಹಳ ಹೆಚ್ಚಿದ್ದವರಿಗೂ ಅಪಾಯ ಕಡಿಮೆ. ನಡುವಿನ ಒಂದು ಮಟ್ಟದಲ್ಲಿದ್ದವರಿಗೇ ಅಪಾಯ ಹೆಚ್ಚು.

ಈ ಸೂಕ್ಷ್ಮವನ್ನು ಕಡೆಗಣಿಸಿದ್ದಕ್ಕೆ ಫಿಲಿಪ್ಪೀನ್ಸ್ ಬೆಲೆ ತೆತ್ತಿತು. 2016ರಲ್ಲಿ ಅಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಶಾಲಾ ಮಕ್ಕಳಿಗೆ ಡೆಂಗ್‌ವಾಕ್ಸಿಯಾ ಲಸಿಕೆ ಹಾಕಲಾಯಿತು. ಹಿಂದೆ ಡೆಂಗಿಯೇ ಬಾರದ ಮಗುವಿಗೆ ಈ ಲಸಿಕೆ ಮೊದಲ ಸೋಂಕಿನಂತೆ ಕೆಲಸ ಮಾಡಿ, ಮುಂದೆ ನಿಜವಾದ ಸೋಂಕು ತಗುಲಿದಾಗ ಗಂಭೀರವಾಗುವ ಸಾಧ್ಯತೆ ಹೆಚ್ಚಿಸುತ್ತದೆ ಎಂದು 2017ರ ನವೆಂಬರಿನಲ್ಲಿ ತಯಾರಕರೇ ಒಪ್ಪಿಕೊಂಡರು. ಆಂದೋಲನ ನಿಂತಿತು. ಜನರಿಗೆ ಉಳಿದ ಲಸಿಕೆಗಳ ಮೇಲಿದ್ದ ವಿಶ್ವಾಸವೂ ಕುಸಿಯಿತು.

ಆದರೆ ಎರಡನೇ ಜ್ವರ ಮಾತ್ರ ಅಪಾಯಕಾರಿ, ಮೊದಲನೆಯದಕ್ಕೆ ಹೆದರಬೇಕಿಲ್ಲ ಎಂದು ತಿಳಿಯುವುದೂ ತಪ್ಪು. ಭಾರತದ ಮಕ್ಕಳ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮೊದಲ ಸೋಂಕಿನಲ್ಲೇ ಗಂಭೀರ ಸ್ಥಿತಿ ತಲುಪಿದ ಮಕ್ಕಳೂ ಗಣನೀಯ ಸಂಖ್ಯೆಯಲ್ಲಿದ್ದರು. ಪ್ರತಿಕಾಯದ ಕಥೆ ದೊಡ್ಡದು, ಆದರೆ ಅದೇ ಪೂರ್ಣ ಕಥೆಯಲ್ಲ.

ಮುನ್ಸೂಚನೆಯ ಹುಡುಕಾಟ

ಡೆಂಗಿಯಲ್ಲಿ ಕೊಲ್ಲುವುದು ಜ್ವರವಲ್ಲ. ವೈರಸ್ಸಿನ ಎನ್‌ಎಸ್ 1 ಎಂಬ ಪ್ರೋಟೀನು ಮತ್ತು ರೋಗನಿರೋಧಕ ಕಣಗಳು ಅತಿಯಾಗಿ ಸ್ರವಿಸುವ ರಾಸಾಯನಿಕಗಳು ಸೇರಿ ಸೂಕ್ಷ್ಮ ರಕ್ತನಾಳಗಳ ಒಳಪದರವನ್ನು ಸಡಿಲಗೊಳಿಸುತ್ತವೆ. ರಕ್ತದ ನೀರಿನಂಶ ಹೊರಗೆ ಸೋರಿ ಹೊಟ್ಟೆಯಲ್ಲಿ, ಶ್ವಾಸಕೋಶದ ಸುತ್ತ ತುಂಬುತ್ತದೆ. ನಾಳದೊಳಗೆ ಉಳಿದ ರಕ್ತ ಗಟ್ಟಿಯಾಗುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ಇದು ನಡೆಯುವುದು ಸಾಮಾನ್ಯವಾಗಿ ಜ್ವರದ ಮೂರರಿಂದ ಏಳನೇ ದಿನದೊಳಗೆ, ಅದೂ ಜ್ವರ ಇಳಿಯುವ ಹೊತ್ತಿಗೆ. ಆದ್ದರಿಂದಲೇ ಡೆಂಗಿಯಲ್ಲಿ ಜ್ವರ ಬಿಟ್ಟ ಬಳಿಕದ ಒಂದೆರಡು ದಿನ ಅತ್ಯಂತ ಎಚ್ಚರದ ಕಾಲ.

ಯಾರು ಈ ಘಟ್ಟ ತಲುಪುತ್ತಾರೆ ಎಂಬುದನ್ನು ಮೊದಲ ದಿನಗಳಲ್ಲೇ ಹೇಳಬಲ್ಲ ರಕ್ತಪರೀಕ್ಷೆಗಾಗಿ ವಿಜ್ಞಾನಿಗಳು ಶ್ರಮಿಸುತ್ತಿದ್ದಾರೆ. ಬಿಳಿ ರಕ್ತಕಣಗಳಲ್ಲಿ ಯಾವ ವಂಶವಾಹಿಗಳು ಚುರುಕಾಗಿವೆ ಎಂಬುದನ್ನು ಅಳೆದು ಮುನ್ಸೂಚನೆ ಕೊಡುವ ಪ್ರಯತ್ನ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ನಡೆದಿದೆ. ಪ್ರತಿಕಾಯದ ಅಣುವಿಗೆ ಅಂಟಿಕೊಂಡ ಸಕ್ಕರೆಯ ರಚನೆಯಲ್ಲೇ ಅಪಾಯದ ಸುಳಿವಿದೆ ಎಂದು ಇನ್ನು ಕೆಲವರು ಕಂಡುಕೊಂಡಿದ್ದಾರೆ. ಇವು ಇನ್ನೂ ತಾಲೂಕು ಆಸ್ಪತ್ರೆಯ ಮೇಜಿಗೆ ಬಂದಿಲ್ಲ. ಅಲ್ಲಿಯವರೆಗೆ ವೈದ್ಯರ ಕೈಯಲ್ಲಿರುವುದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಪಟ್ಟಿಮಾಡಿದ ಎಚ್ಚರಿಕೆಯ ಲಕ್ಷಣಗಳು. ಬಿಡದ ಹೊಟ್ಟೆನೋವು, ಪದೇ ಪದೇ ವಾಂತಿ, ವಸಡು ಅಥವಾ ಮೂಗಿನಿಂದ ರಕ್ತ, ಮಂಕುತನ ಇಲ್ಲವೇ ಚಡಪಡಿಕೆ, ಊದಿಕೊಂಡ ಯಕೃತ್ತು, ಹೊಟ್ಟೆ ಅಥವಾ ಎದೆಗೂಡಿನಲ್ಲಿ ನೀರು ತುಂಬುವುದು, ರಕ್ತ ಗಟ್ಟಿಯಾಗುತ್ತ ಪ್ಲೇಟ್‌ಲೆಟ್ ವೇಗವಾಗಿ ಇಳಿಯುವುದು. ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ಆಸ್ಪತ್ರೆ ಸೇರಬೇಕು.

ನಮ್ಮಲ್ಲಿ ಪ್ಲೇಟ್‌ಲೆಟ್ ಸಂಖ್ಯೆಯೊಂದೇ ಮಾತಿನ ವಿಷಯವಾಗಿಬಿಟ್ಟಿದೆ. ಪಪ್ಪಾಯಿ ಎಲೆಯ ರಸ ಹುಡುಕಿಕೊಂಡು ಓಡುವವರು ರೋಗಿ ಎಷ್ಟು ಬಾರಿ ಮೂತ್ರ ಮಾಡಿದ ಎಂಬುದನ್ನು ಗಮನಿಸುವುದಿಲ್ಲ. ಹಿಮಾಟೊಕ್ರಿಟ್ ಎಂಬ, ರಕ್ತ ಎಷ್ಟು ಗಟ್ಟಿಯಾಗಿದೆ ಎಂದು ಹೇಳುವ ಅಂಕಿಯೇ ಅನೇಕ ಸಲ ಪ್ಲೇಟ್‌ಲೆಟ್ಟಿಗಿಂತ ಮುಖ್ಯ. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ ಸಾಕು. ಆಸ್ಪಿರಿನ್, ಐಬುಪ್ರೊಫೆನ್ ರಕ್ತಸ್ರಾವ ಹೆಚ್ಚಿಸಬಹುದು. ಸಕಾಲದಲ್ಲಿ ಅಳೆದು ತೂಗಿ ದ್ರವ ಕೊಟ್ಟರೆ ಗಂಭೀರ ಡೆಂಗಿಯಲ್ಲೂ ಸಾವಿನ ಪ್ರಮಾಣ ಶೇ. 1ಕ್ಕಿಂತ ಕೆಳಗಿಳಿಯುತ್ತದೆ. ಈ ಜ್ವರಕ್ಕೆ ಇಂದಿಗೂ ನೇರವಾದ ಔಷಧ ಇಲ್ಲ. ಸಮಯವೇ ಔಷಧ.

ಕಡೆಯ ದಿನಗಳು

1970ರಲ್ಲಿ ಸೇಬಿನ್ ಇಸ್ರೇಲಿನ ವೈಜ್‌ಮನ್ ವಿಜ್ಞಾನ ಸಂಸ್ಥೆಯ ಅಧ್ಯಕ್ಷರಾದರು. ಆರೋಗ್ಯದ ಕಾರಣದಿಂದ 1972ರಲ್ಲಿ ಆ ಹುದ್ದೆ ತೊರೆದು ಅಮೆರಿಕಕ್ಕೆ ಮರಳಿದರು. 1980ರಲ್ಲಿ ಬ್ರೆಜಿಲ್ ಸರ್ಕಾರಕ್ಕೆ ಪೋಲಿಯೊ ಸಲಹೆಗಾರರಾಗಿ ಹೋದಾಗ ಅಲ್ಲಿನ ಅಂಕಿಅಂಶಗಳು ವಾಸ್ತವವನ್ನು ಮುಚ್ಚಿಡುತ್ತಿವೆ ಎಂದು ಬಹಿರಂಗವಾಗಿ ಹೇಳಿ ಅಧಿಕಾರಿಗಳ ಕೆಂಗಣ್ಣಿಗೆ ಗುರಿಯಾದರು. ಇಳಿವಯಸ್ಸಿನಲ್ಲಿ ಸ್ವತಃ ಅವರೇ ಕೆಲಕಾಲ ಕೈಕಾಲುಗಳ ಬಲ ಕಳೆದುಕೊಂಡು ಮಲಗಿದ್ದರು. ಜೀವಮಾನವಿಡೀ ಪಾರ್ಶ್ವವಾಯುವಿನ ವಿರುದ್ಧ ಹೋರಾಡಿದವರಿಗೆ ಬಂದ ಆ ಸಂಕಟದಿಂದ ಅವರು ಚೇತರಿಸಿಕೊಂಡು ಮತ್ತೆ ಕೆಲಸಕ್ಕೆ ಮರಳಿದರು. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪದಕ, ಸ್ವಾತಂತ್ರ್ಯ ಪದಕಗಳು ಬಂದವು. ನೊಬೆಲ್ ಮಾತ್ರ ಅವರಿಗೂ, ಎದುರಾಳಿ ಸಾಲ್ಕ್ ಅವರಿಗೂ ಸಿಗಲಿಲ್ಲ. 1993ರ ಮಾರ್ಚ್ 3ರಂದು, ತಮ್ಮ 86ನೇ ವಯಸ್ಸಿನಲ್ಲಿ ಸೇಬಿನ್ ವಾಷಿಂಗ್ಟನ್ನಿನಲ್ಲಿ ನಿಧನರಾದರು.

ಅವರು ಕಣ್ಮುಚ್ಚಿದ ಮೂರು ವರ್ಷಗಳಲ್ಲೇ, 1996ರಲ್ಲಿ, ದೆಹಲಿಯಲ್ಲಿ ಡೆಂಗಿ ಸ್ಫೋಟಿಸಿ 10 ಸಾವಿರಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿ 400ಕ್ಕೂ ಹೆಚ್ಚು ಮಂದಿ ಸತ್ತರು. ಅಲ್ಲಿಂದ ಮುಂದೆ ಈ ರೋಗ ನಗರದ ಎಲ್ಲೆ ದಾಟಿ ನಮ್ಮ ಹಳ್ಳಿ, ತೋಟ, ಮೀನುಗಾರರ ಕೇರಿಗಳವರೆಗೂ ಬಂದಿದೆ. ನಾಲ್ಕೂ ಬಗೆಗಳು ದೇಶದಲ್ಲಿ ನೆಲೆಯೂರಿವೆ. ಬಲಗುಂದಿದ ವೈರಸ್ಸಿನಿಂದ ನಾಲ್ಕೂ ಬಗೆಗೆ ಒಟ್ಟಿಗೇ ರಕ್ಷಣೆ ಕೊಡುವ ಡೆಂಗಿಆಲ್ ಎಂಬ ದೇಶೀಯ ಲಸಿಕೆಯ ಮೂರನೇ ಹಂತದ ಪ್ರಯೋಗವನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಪನೇಸಿಯಾ ಬಯೋಟೆಕ್ ಸಂಸ್ಥೆ 2024ರ ಆಗಸ್ಟಿನಲ್ಲಿ ಆರಂಭಿಸಿದವು. ಹತ್ತು ಸಾವಿರಕ್ಕೂ ಹೆಚ್ಚು ಸ್ವಯಂಸೇವಕರನ್ನು ಒಳಗೊಳ್ಳುವ ಈ ಪ್ರಯೋಗದ ಹಿಂದಿರುವುದು 1945ರಲ್ಲಿ ಸೇಬಿನ್ ಹಿಡಿದ ಹಾದಿಯೇ.

ಒಂದು ಬಗೆಯ ಡೆಂಗಿ ಇನ್ನೊಂದರಿಂದ ಕಾಪಾಡುವುದು ಕೆಲವೇ ತಿಂಗಳು ಎಂಬ ಅವರ ಶೋಧ ನಮ್ಮ ಮನೆಮನೆಗೂ ಅನ್ವಯಿಸುತ್ತದೆ. ಹಿಂದಿನ ವರ್ಷ ಬಂದು ಹೋಗಿದೆ, ಇನ್ನು ಬರಲಾರದು ಎಂದು ಅಂಗಳದ ನೀರನ್ನು ಹಾಗೆಯೇ ಬಿಡುವಂತಿಲ್ಲ. ಒಮ್ಮೆ ಬಂದವರೇ ಮುಂದಿನ ಮಳೆಗಾಲದಲ್ಲಿ ಹೆಚ್ಚು ಜಾಗರೂಕರಾಗಿರಬೇಕು. ವೈದ್ಯರ ಬಳಿ ಹೋದಾಗ ಹಿಂದೆ ಡೆಂಗಿ ಆಗಿತ್ತೆಂಬುದನ್ನು, ಆದ ವರ್ಷವನ್ನು ತಪ್ಪದೆ ಹೇಳಬೇಕು. ವಾರಕ್ಕೊಮ್ಮೆ ಗೆರಟೆ, ಹಾಳೆ, ಟಯರುಗಳನ್ನು ಕವುಚಿ ಹಾಕುವುದಕ್ಕೆ ಕಾಲು ಗಂಟೆ ಸಾಕು. ಮೊಟ್ಟೆ ಸೊಳ್ಳೆಯಾಗಲು ಒಂದು ವಾರದಿಂದ ಹತ್ತು ದಿನ ಬೇಕು.